ಸಂಜೆ ಏಳಕ್ಕೆ ಬರುತ್ತಿದ್ದ ಇಬ್ಬರು

ದಾವಣಗೆರೆಯ ಹಳೇ ಪೇಟೆಯಲ್ಲಿ ಅಪ್ಪನದೊಂದು ಟೈಲರ್ ಅಂಗಡಿ ಇತ್ತು. ಎಂಟಡಿ ಅಗಲದ ಜಾಗ, ಒಂದೇ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸಲು ಒಂದು ಹಲಗೆ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಕೂತು ಗುಂಡಿ ಹಚ್ಚುತ್ತಿದ್ದೆ. ಸಂಜೆ ಏಳರ ಸುಮಾರಿಗೆ ಇಬ್ಬರು ತಪ್ಪದೆ ಬರುತ್ತಿದ್ದರು. ಮೊದಲು ಬರುವವರು ಸೈಕಲ್ಲಿನ ಮೇಲೆ, ಕಂಕುಳಲ್ಲಿ ಒಂದು ರೆಗ್ಜಿನ್ ಚೀಲ. ಅವರು ಪಿಗ್ಮಿಯವರು. ‘ಅಣ್ಣಾ, ಇವತ್ತು ಎಷ್ಟು ಬರೀಲಿ?’ ಎಂದು ಕೇಳಿ, ಎರಡು ರೂಪಾಯಿ ತೆಗೆದುಕೊಂಡು, ಚಿಕ್ಕ ಪುಸ್ತಕದಲ್ಲಿ ಬರೆದು, ಸಹಿ ಹಾಕಿ ಹೋಗುತ್ತಿದ್ದರು. ಐದು ನಿಮಿಷದ ಅಂತರದಲ್ಲಿ ಎರಡನೆಯವರು ಸ್ಕೂಟರಿನಲ್ಲಿ ಬರುತ್ತಿದ್ದರು. ಅವರು ಗಾಡಿಯಿಂದ ಇಳಿಯುತ್ತಲೇ ಇರಲಿಲ್ಲ. ಹಾರನ್ ಹೊಡೆದರೆ ನಾನು ಓಡಿ ಹೋಗಿ ಹತ್ತು ರೂಪಾಯಿ ಕೊಟ್ಟು ಬರಬೇಕು. ಅವರ ಹತ್ತಿರವೂ ಒಂದು ಪುಸ್ತಕ ಇರುತ್ತಿತ್ತು. ಆದರೆ ಅದನ್ನು ಅವರು ನಮಗೆ ತೋರಿಸುತ್ತಿರಲಿಲ್ಲ.

ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಗಲ್ಲಾಪೆಟ್ಟಿಗೆಯಿಂದ, ಸಣ್ಣ ಸಣ್ಣ ನೋಟುಗಳಲ್ಲೇ ದುಡ್ಡು ಒಯ್ಯುತ್ತಿದ್ದರು. ಒಬ್ಬರು ಒಯ್ದದ್ದು ವರ್ಷದ ಕೊನೆಗೆ ನಮ್ಮ ಮನೆಗೆ ಮರಳುತ್ತಿತ್ತು, ಇನ್ನೊಬ್ಬರು ಒಯ್ದದ್ದು ಮರಳುತ್ತಿರಲಿಲ್ಲ. ಉಳಿತಾಯದ ಬಗ್ಗೆ ಆಮೇಲೆ ನಾನು ಎಷ್ಟೋ ಪುಸ್ತಕ ಓದಿದೆ, ಎಷ್ಟೋ ಭಾಷಣ ಕೇಳಿದೆ. ಆ ಸಂಜೆಗಳಿಗಿಂತ ಹೆಚ್ಚಿನದನ್ನು ಯಾರೂ ಹೇಳಿಕೊಡಲಿಲ್ಲ.

ಪಿಗ್ಮಿ ಎಂಬುದು ನಮ್ಮ ನೆಲದಲ್ಲೇ ಹುಟ್ಟಿದ ಪದ್ಧತಿ. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಮತ್ತು ವಾಮನ ಶ್ರೀನಿವಾಸ ಕುಡ್ವ ಅವರು ಕೇವಲ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಕರಾವಳಿಯ ಕೈಮಗ್ಗದ ನೇಕಾರರು ಆಗ ಬಹಳ ಕಷ್ಟದಲ್ಲಿದ್ದರು. ಅವರಿಗೆ ನೆರವಾಗಬೇಕೆಂಬುದು ಮೂಲ ಉದ್ದೇಶ. ಮುಂದೆ ಇದೇ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನ ಪರವಾಗಿ ಒಬ್ಬರು ಮನೆ ಬಾಗಿಲಿಗೇ ಬಂದು ಒಯ್ಯುತ್ತಿದ್ದರು. ಎರಡಾಣೆ ಎಂದರೆ ರೂಪಾಯಿಯ ಎಂಟನೇ ಒಂದು ಭಾಗ. ಮೀನು ಮಾರುವವರು, ಬೀಡಿ ಕಟ್ಟುವವರು, ಹೂ ಕಟ್ಟುವವರು ಬ್ಯಾಂಕಿನ ಮೆಟ್ಟಿಲು ಹತ್ತಲು ಹಿಂಜರಿಯುತ್ತಿದ್ದ ಕಾಲದಲ್ಲಿ ಬ್ಯಾಂಕೇ ಅವರ ಜಗಲಿಗೆ ಬಂತು. ಆ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಹೆಸರು ಹೋಯಿತು. ಆದರೆ ಪಿಗ್ಮಿ ಎಂಬ ಪದ ನಮ್ಮ ಪೇಟೆಗಳಲ್ಲಿ, ಸಹಕಾರ ಸಂಘಗಳಲ್ಲಿ ಇನ್ನೂ ಬದುಕಿದೆ. ಬಿಸಿಲು ಮಳೆ ಎನ್ನದೆ ಊರು ಸುತ್ತುವ ಈ ಸಂಗ್ರಹಕಾರರು ಕಾರ್ಮಿಕರು ಹೌದೋ ಅಲ್ಲವೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2001ರಲ್ಲಿ ಹೌದು ಎಂದು ತೀರ್ಮಾನವಾಯಿತು. ಅವರ ಸೈಕಲ್ ತುಳಿತದ ಮೇಲೆ ನಿಂತ ಉಳಿತಾಯ ಎಷ್ಟು ಮನೆಗಳದೋ!

ಇನ್ನು ಸ್ಕೂಟರಿನವರ ಲೆಕ್ಕ. ಅಪ್ಪ ಅವರಿಂದ ಸಾವಿರ ರೂಪಾಯಿ ಸಾಲ ತೆಗೆಯುತ್ತಿದ್ದರು. ಕೈಗೆ ಬರುತ್ತಿದ್ದದ್ದು 850. ನೂರೈವತ್ತು ಮೊದಲೇ ಮುರಿದುಕೊಂಡಾಯಿತು. ಆಮೇಲೆ ದಿನಕ್ಕೆ ಹತ್ತರಂತೆ ನೂರು ದಿನ. ‘ನೂರಕ್ಕೆ ಹದಿನೈದು ಬಡ್ಡಿ, ಏನು ಮಹಾ’ ಎಂದು ಅಪ್ಪ ಅಂದುಕೊಂಡಿದ್ದರು. ಆದರೆ ಆ ಹದಿನೈದು ವರ್ಷಕ್ಕಲ್ಲ, ನೂರು ದಿನಕ್ಕೆ. ಮೇಲಾಗಿ 850 ರೂಪಾಯಿ ನೂರು ದಿನವೂ ನಮ್ಮ ಹತ್ತಿರ ಇರುವುದಿಲ್ಲ. ಮೊದಲ ದಿನದಿಂದಲೇ ಕರಗುತ್ತಾ ಹೋಗುತ್ತದೆ. ಸರಿಯಾಗಿ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ನೂರಕ್ಕೆ ಸುಮಾರು ನೂರಿಪ್ಪತ್ತರ ಬಡ್ಡಿ. ಎಪ್ಪತ್ತನೆಯ ದಿನಕ್ಕೆ ಅವರೇ ಬಂದು, ‘ಹಳೇದು ಮುರ್ಕೊಂಡು ಹೊಸದು ಕೊಡ್ಲಾ?’ ಎನ್ನುತ್ತಿದ್ದರು. ಯಾವುದಾದರೊಂದು ಹಬ್ಬ ಹತ್ತಿರ ಬಂದಿರುತ್ತಿತ್ತು, ಅಪ್ಪ ಹೂಂ ಎನ್ನುತ್ತಿದ್ದರು. ಹೀಗೆ ನಾಲ್ಕು ವರ್ಷ ಆ ಹಾರನ್ ನಿಲ್ಲಲೇ ಇಲ್ಲ.

ಅದನ್ನು ನಿಲ್ಲಿಸಿದ್ದು ಅಮ್ಮ. ಒಂದು ಪಿಗ್ಮಿ ಅವಧಿ ಮುಗಿದಾಗ ಬಂದ ದುಡ್ಡಿನಿಂದ ಅಮ್ಮ ಆ ಸಾಲದ ಬಾಕಿಯನ್ನೆಲ್ಲ ಒಂದೇ ಸಲ ಕಟ್ಟಿಸಿದರು. ಮಾರನೇ ದಿನದಿಂದ ಮಾಡಿದ ಕೆಲಸವೇ ಮುಖ್ಯ. ಸ್ಕೂಟರಿಗೆ ಹೋಗುತ್ತಿದ್ದ ಹತ್ತು ರೂಪಾಯಿಯನ್ನೂ ಪಿಗ್ಮಿಗೇ ಸೇರಿಸಿದರು. ‘ಇಷ್ಟು ದಿನ ಕೊಟ್ಟು ರೂಢಿ ಆಗೇತಲ್ಲ, ಕೈ ಬದಲಾದ್ರೆ ಸಾಕು’ ಎಂದರು. ದಿನಕ್ಕೆ ಹನ್ನೆರಡು ರೂಪಾಯಿ. ವರ್ಷದಲ್ಲಿ ಅಂಗಡಿ ತೆರೆದ ಮುನ್ನೂರು ದಿನಕ್ಕೆ 3,600 ರೂಪಾಯಿ ಆಯಿತು. ಅಂಗಡಿಗೆ ಎರಡನೆಯ ಯಂತ್ರ ಬಂತು.

ಸಾಲದಿಂದ ಹೊರಬರುವವರಲ್ಲಿ ಬಹಳ ಮಂದಿ ಎಡವುವುದು ಇಲ್ಲೇ. ಕೊನೆಯ ಕಂತು ಕಟ್ಟಿದ ತಿಂಗಳು ಕೈಯಲ್ಲಿ ದುಡ್ಡು ಉಳಿದಂತೆ ಕಾಣುತ್ತದೆ. ಹೊಸ ಫೋನೋ, ಗಾಡಿಯೋ ಕಣ್ಣಿಗೆ ಬೀಳುತ್ತದೆ. ಕಂತು ಕಟ್ಟುವ ರೂಢಿಯನ್ನು ಕಷ್ಟಪಟ್ಟು ಬೆಳೆಸಿಕೊಂಡಿರುತ್ತೇವೆ. ಅದನ್ನು ಒಂದು ತಿಂಗಳೂ ಬಿಡುವು ಕೊಡದೆ ನಮ್ಮ ಖಾತೆಯ ಕಡೆಗೆ ತಿರುಗಿಸಬೇಕು.

ಇಷ್ಟೆಲ್ಲ ನೋಡಿ ಬೆಳೆದ ನಾನೂ ಸಾಲಕ್ಕೆ ಬಿದ್ದೆ. ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು, ತಂಗಿಯ ಮದುವೆ ಬಂತು. ಒಂದು ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡಿನ ಮೇಲೆ ಐವತ್ತು ಸಾವಿರ, ಫೋನಿನ ಕಂತು, ದೊಡ್ಡಪ್ಪನ ಮಗನಿಂದ ಇಪ್ಪತ್ತು ಸಾವಿರ ಕೈಸಾಲ. ಪ್ರತಿ ತಿಂಗಳೂ ಕಾರ್ಡಿನ ಬಿಲ್ಲಿನಲ್ಲಿ ‘ಕನಿಷ್ಠ ಮೊತ್ತ’ ಎಂದು ಬರೆದಿರುವ 2,500 ರೂಪಾಯಿ ಕಟ್ಟಿ, ಸಾಲ ತೀರುತ್ತಿದೆ ಎಂದು ನಂಬಿದ್ದೆ. ಒಂದು ರಾತ್ರಿ ಕೂತು ಲೆಕ್ಕ ಹಾಕಿದಾಗ ಎದೆ ಧಸಕ್ಕೆಂದಿತು. ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ ಬಡ್ಡಿ 1,750. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 315. ಎರಡೂ ಸೇರಿ 2,065. ನಾನು ಕಟ್ಟಿದ 2,500ರಲ್ಲಿ ಅಸಲಿಗೆ ಹೋದದ್ದು 435 ರೂಪಾಯಿ ಮಾತ್ರ! ಬಾಕಿ ಉಳಿಸಿಕೊಂಡವರಿಗೆ ಹೊಸ ಖರೀದಿಯ ಮೇಲೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಅಂದು ಕೊಂಡ ಈರುಳ್ಳಿಗೂ ಅಂದಿನಿಂದಲೇ ಬಡ್ಡಿ. ಅಪ್ಪನ ಹಾರನ್ ನನಗೆ ಫೋನಿನ ಸಂದೇಶವಾಗಿ ಬರುತ್ತಿತ್ತು, ಅಷ್ಟೇ ವ್ಯತ್ಯಾಸ.

ಉಳಿತಾಯದ ಮಾತು ಬಂದಾಗಲೆಲ್ಲ ‘ದಿನಾ ಚಹಾ ಕುಡಿಯುವುದು ಬಿಡಿ’ ಎಂಬ ಉಪದೇಶ ಕೇಳುತ್ತೇವೆ. ಅದಕ್ಕೆ ನನ್ನ ಒಪ್ಪಿಗೆ ಇಲ್ಲ. ಹದಿನೈದು ರೂಪಾಯಿಯಂತೆ ದಿನಕ್ಕೆ ಎರಡು ಚಹಾ ಕುಡಿದರೆ ತಿಂಗಳಿಗೆ 900 ಆಗುತ್ತದೆ. ಜಿಎಸ್‌ಟಿ ಸೇರಿ ನನ್ನ ಕಾರ್ಡಿನ ಬಡ್ಡಿ ಅದರ ಎರಡು ಪಟ್ಟಿಗಿಂತ ಹೆಚ್ಚಿತ್ತು. ದಿನವಿಡೀ ದುಡಿಯುವ ಮನುಷ್ಯನಿಗೆ ಗೆಳೆಯರ ಜೊತೆ ನಿಂತು ಕುಡಿಯುವ ಚಹಾ ಬದುಕಿನ ಭಾಗ. ಮೊದಲು ಬಿಡಬೇಕಾದದ್ದು ಬಡ್ಡಿಯನ್ನು. ಬಡವರ ಮನೆಯಲ್ಲಿ ದುಂದು ಹುಡುಕುವವರು ಆ ಮನೆ ಯಾರಿಗೆ ಎಷ್ಟು ಬಡ್ಡಿ ಕಟ್ಟುತ್ತಿದೆ ಎಂದು ಮೊದಲು ಕೇಳಲಿ.

ಕಾರ್ಡಿನ ಲೆಕ್ಕ ಹಾಕಿದ ಆ ವಾರ ಊರಿಗೆ ಹೋಗಿ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಬೈಯಲಿಲ್ಲ. ನನ್ನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು, ‘ಎಲ್ಲಾ ಬರಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕು’ ಎಂದರು. ಅಲ್ಲಿಯವರೆಗೆ ನಾನು ಒಟ್ಟು ಮೊತ್ತವನ್ನು ಎಂದೂ ಕೂಡಿಸಿರಲಿಲ್ಲ. ಹೆದರಿಕೆ. ಕೂಡಿಸಿದಾಗ 1,72,000 ಆಯಿತು. ವಿಚಿತ್ರವೆಂದರೆ, ಬರೆದ ಮೇಲೆ ಹೆದರಿಕೆ ಕಡಿಮೆಯಾಯಿತು. ತಮ್ಮ ಹೆಸರಲ್ಲಿ ಏನೇನು ಸಾಲ ಇದೆ ಎಂಬುದೇ ನೆನಪಿಲ್ಲದವರಿಗೆ ಇನ್ನೊಂದು ದಾರಿಯಿದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರತಿ ಕ್ರೆಡಿಟ್ ಮಾಹಿತಿ ಕಂಪನಿಯೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಯಾರೋ ನಿಮ್ಮ ದಾಖಲೆ ಬಳಸಿ ಸಾಲ ಎತ್ತಿದ್ದರೆ ಅದೂ ಅದರಲ್ಲಿ ಕಾಣುತ್ತದೆ.

ಹೆಚ್ಚು ಬಡ್ಡಿಯ ಸಾಲ ಮೊದಲು ತೀರಿಸು ಎಂಬುದು ಲೆಕ್ಕದ ಬುದ್ಧಿ. ಚಿಕ್ಕ ಸಾಲ ಮೊದಲು ತೀರಿಸಿದರೆ ಧೈರ್ಯ ಬರುತ್ತದೆ ಎಂಬುದು ಮನಸ್ಸಿನ ಬುದ್ಧಿ. ನಾನು ಕಾರ್ಡಿನ ಸಾಲದ ಕೆಳಗೆ ಗೆರೆ ಎಳೆದೆ. ಅಮ್ಮ ದೊಡ್ಡಪ್ಪನ ಮಗನ ಹೆಸರಿನ ಮೇಲೆ ಬೆರಳಿಟ್ಟರು. ‘ಅವನು ಬಡ್ಡಿ ಕೇಳಲ್ಲಮ್ಮ’ ಎಂದೆ. ‘ಕೇಳಲ್ಲ, ನಿಜ. ಆದ್ರೆ ನೀನು ಅವರ ಮನೆಗೆ ಹೋಗೋದೇ ಬಿಟ್ಟೀಯಲ್ಲ’ ಎಂದರು. ಹೌದು, ಎರಡು ಹಬ್ಬ ತಪ್ಪಿಸಿದ್ದೆ. ಅವನಿಗೆ ತಿಂಗಳಿಗೆ ಎರಡು ಸಾವಿರದಂತೆ ಕೊಡುತ್ತೇನೆ ಎಂದು ಆ ದಿನವೇ ಫೋನ್ ಮಾಡಿ ಹೇಳಿದೆ. ಕಾರ್ಡನ್ನು ಬಳಸುವುದು ನಿಲ್ಲಿಸಿ, ಬ್ಯಾಂಕಿಗೆ ಕೇಳಿ ಬಾಕಿಯನ್ನು ಕಂತುಗಳಿಗೆ ಬದಲಾಯಿಸಿಕೊಂಡೆ. ಬಡ್ಡಿ ಅರ್ಧಕ್ಕಿಂತ ಕೆಳಗಿಳಿಯಿತು. ಕೇಳಿದರೆ ಮಾತ್ರ ಸಿಗುವ ಅನುಕೂಲ ಇದು. ಸುಮ್ಮನಿದ್ದವರಿಗೆ ಯಾರೂ ಕರೆದು ಕೊಡುವುದಿಲ್ಲ.

ಆದರೆ ಸಾಲ ತೀರಿಸಲು ಶುರು ಮಾಡುವ ಮುಂಚೆ ಅಮ್ಮ ಇನ್ನೊಂದು ಷರತ್ತು ಹಾಕಿದ್ದರು. ಮೊದಲು ಐದು ಸಾವಿರ ಕೂಡಿಡಬೇಕು, ಅದನ್ನು ಮುಟ್ಟಬಾರದು. ನೂರಕ್ಕೆ ನಲವತ್ತೆರಡರ ಬಡ್ಡಿ ಓಡುತ್ತಿರುವಾಗ ದುಡ್ಡನ್ನು ಸುಮ್ಮನೆ ಇಡುವುದು ದಡ್ಡತನ ಎಂದು ನಾನು ವಾದಿಸಿದೆ. ಮುಂದಿನ ತಿಂಗಳೇ ಗಾಡಿಯ ಎಂಜಿನ್ ಕೆಟ್ಟಿತು, 3,200 ರೂಪಾಯಿ ಖರ್ಚು. ಆ ದುಡ್ಡು ಇಲ್ಲದಿದ್ದರೆ ಮತ್ತೆ ಕಾರ್ಡನ್ನೇ ಉಜ್ಜುತ್ತಿದ್ದೆ. ಅಂದಿನಿಂದ ಯಾರು ಕೇಳಿದರೂ ಇದನ್ನೇ ಮೊದಲು ಹೇಳುತ್ತೇನೆ. ಬಡ ಮಧ್ಯಮ ವರ್ಗದ ಮನೆಗಳು ಸಾಲಕ್ಕೆ ಮರಳುವುದು ಲಕ್ಷಗಳ ಖರ್ಚಿನಿಂದಲ್ಲ. ಮಗುವಿನ ಜ್ವರ, ಗಾಡಿಯ ರಿಪೇರಿ, ಊರಿನಿಂದ ಬಂದ ಸಾವಿನ ಸುದ್ದಿ, ಇಂಥ ಮೂರು ನಾಲ್ಕು ಸಾವಿರದ ಖರ್ಚುಗಳು ನಮ್ಮನ್ನು ಮತ್ತೆ ಹಳೆಯ ಬಾಗಿಲಿಗೆ ನೂಕುತ್ತವೆ. ದೊಡ್ಡ ಆಪತ್ತಿಗೆ ಬೇರೆ ಏರ್ಪಾಡು ಬೇಕು. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ವಿಮೆಯಲ್ಲಿ ಅಪಘಾತದ ಸಾವಿಗೆ ಎರಡು ಲಕ್ಷ, 436 ರೂಪಾಯಿಯ ಜೀವನಜ್ಯೋತಿ ವಿಮೆಯಲ್ಲಿ ಯಾವುದೇ ಕಾರಣದ ಸಾವಿಗೆ ಎರಡು ಲಕ್ಷ ಸಿಗುತ್ತದೆ. ಬ್ಯಾಂಕಿನಲ್ಲಿ ಒಂದು ಅರ್ಜಿ ತುಂಬಿದರೆ ವರ್ಷ ವರ್ಷ ತಾನಾಗಿ ಮುರಿದುಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ದುಡ್ಡು ಮುರಿಯುತ್ತಿರುವುದು ಗೊತ್ತೇ ಇರುವುದಿಲ್ಲ, ತೀರಿಕೊಂಡ ಮೇಲೆ ಯಾರೂ ಕೇಳಲು ಹೋಗುವುದಿಲ್ಲ. ಪಾಸ್‌ಬುಕ್ ಒಮ್ಮೆ ನೋಡಿ, ಮನೆಯವರಿಗೆ ಹೇಳಿಡಿ.

ಅಮ್ಮನ ಅಡುಗೆಮನೆಯಲ್ಲಿ ಒಂದು ಪದ್ಧತಿಯಿತ್ತು. ಅಕ್ಕಿ ಅಳೆಯುವಾಗಲೇ ಒಂದು ಹಿಡಿ ತೆಗೆದು ಪಕ್ಕದ ಡಬ್ಬಿಗೆ ಹಾಕುತ್ತಿದ್ದರು. ಉಂಡು ಮಿಕ್ಕಿದ್ದನ್ನಲ್ಲ, ಒಲೆಯ ಮೇಲೆ ಇಡುವ ಮುಂಚೆಯೇ. ತಿಂಗಳ ಕೊನೆಯಲ್ಲಿ ರೇಷನ್ ತಡವಾದರೆ ಆ ಡಬ್ಬಿ ನಾಲ್ಕು ದಿನ ನಡೆಸುತ್ತಿತ್ತು. ನನ್ನ ಸಂಬಳಕ್ಕೂ ಇದನ್ನೇ ಹಚ್ಚಿದೆ. ಸಂಬಳ ಒಂದನೇ ತಾರೀಕು ಬಂದರೆ ಎರಡನೇ ತಾರೀಕು ಅಂಚೆ ಕಚೇರಿಯ ಆರ್‌ಡಿಗೆ ದುಡ್ಡು ಹೋಗಿರಬೇಕು. ಅಲ್ಲಿ ತಿಂಗಳಿಗೆ ನೂರು ರೂಪಾಯಿಯಿಂದಲೂ ಶುರು ಮಾಡಬಹುದು, ಐದು ವರ್ಷದ ಅವಧಿ. ಒಂದು ವರ್ಷದ ಕಂತು ಸರಿಯಾಗಿ ಕಟ್ಟಿದ್ದರೆ ಕಟ್ಟಿದ ಮೊತ್ತದ ಅರ್ಧದವರೆಗೆ ಅಲ್ಲೇ ಸಾಲ ಸಿಗುತ್ತದೆ. ಸ್ಕೂಟರಿನವರ ಹತ್ತಿರ ಹೋಗಬೇಕಿಲ್ಲ.

ವರ್ಷಕ್ಕೊಮ್ಮೆ ಬರುವ ಖರ್ಚುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಜೂನ್ ಬಂದರೆ ಶಾಲೆಯ ಫೀಸು, ಭಾದ್ರಪದಕ್ಕೆ ಗೌರಿ ಗಣೇಶ, ಕಾರ್ತಿಕದ ಹೊತ್ತಿಗೆ ದೀಪಾವಳಿ, ಆಮೇಲೆ ಊರ ಜಾತ್ರೆ, ಗಾಡಿಯ ವಿಮೆ. ಪ್ರತಿ ವರ್ಷ ಅದೇ ತಿಂಗಳಿಗೆ ಬರುವ ಈ ಖರ್ಚುಗಳು ಪ್ರತಿ ವರ್ಷವೂ ನಮಗೆ ಅನಿರೀಕ್ಷಿತ! ಜೂನಿನಲ್ಲಿ ಒಡವೆ ಅಡವಿಡುವ ತಾಯಂದಿರ ಸಾಲು ನೋಡಿದರೆ ಹೊಟ್ಟೆ ಕಲಕುತ್ತದೆ. ನಾನು ಒಂದು ಹಾಳೆಯಲ್ಲಿ ಇವನ್ನೆಲ್ಲ ಬರೆದು ಕೂಡಿಸಿದೆ, ವರ್ಷಕ್ಕೆ 36,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,000. ಅದಕ್ಕೊಂದು ಬೇರೆ ಖಾತೆ. ಈಗ ಹಬ್ಬ ಬಂದರೆ ಭಯವಿಲ್ಲ.

ದಿನಸಿಯ ವಿಷಯದಲ್ಲಿ ಹೇಳುವುದು ಕಡಿಮೆ. ತಿಂಗಳ ಸಾಮಾನಿನ ಚೀಟಿ ಬರೆದು ಒಮ್ಮೆ ತಂದರೆ, ಹತ್ತು ನಿಮಿಷಕ್ಕೆ ಮನೆಗೆ ತಂದುಕೊಡುವ ಆ್ಯಪುಗಳ ಕಡೆ ಕೈ ಹೋಗುವುದು ತಗ್ಗುತ್ತದೆ. ಯುಪಿಐ ಬಂದ ಮೇಲೆ ದುಡ್ಡು ಕೈಬಿಟ್ಟು ಹೋದ ಅನುಭವವೇ ಆಗುವುದಿಲ್ಲ. ಅದಕ್ಕೆ ನಾನು ಸಂಬಳದ ಖಾತೆಗೆ ಯುಪಿಐ ಜೋಡಿಸಿಲ್ಲ. ಬೇರೊಂದು ಖಾತೆಗೆ ಪ್ರತಿ ಭಾನುವಾರ ವಾರದ ಖರ್ಚು ಹಾಕಿಕೊಳ್ಳುತ್ತೇನೆ. ಗುರುವಾರವೇ ಮುಗಿದರೆ ಯಾಕೆ ಮುಗಿಯಿತು ಎಂದು ತಾನೇ ಗೊತ್ತಾಗುತ್ತದೆ. ಉದ್ರಿ ಅಂಗಡಿಯ ಪುಸ್ತಕ ಇದ್ದವರು ಅದರ ಒಂದು ಪ್ರತಿಯನ್ನು ತಾವೂ ಬರೆದಿಟ್ಟುಕೊಳ್ಳಲಿ.

ಊರಲ್ಲಿ ಹೆಂಗಸರು ‘ಸಂಘದ ಸಾಲ’ ಎನ್ನುವಾಗ ನಾನು ಈಗ ಯಾವ ಸಂಘ ಎಂದು ಕೇಳುತ್ತೇನೆ. ಆ ಒಂದು ಪದದಲ್ಲಿ ಎರಡು ಬೇರೆ ಬೇರೆ ವಸ್ತುಗಳಿವೆ. ಒಂದು, ಮಹಿಳೆಯರೇ ವಾರಕ್ಕೆ ಹತ್ತೋ ಇಪ್ಪತ್ತೋ ಹಾಕಿ ಕಟ್ಟಿದ ಸ್ವಸಹಾಯ ಸಂಘ. ಎಂಬತ್ತರ ದಶಕದ ನಡುವೆ ಮೈರಾಡಾ ಸಂಸ್ಥೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಕಟ್ಟಿದ ಗುಂಪುಗಳು ಇದಕ್ಕೆ ದಾರಿ ತೋರಿದವು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಶುರು ಮಾಡಿತು. ಇಲ್ಲಿ ಉಳಿತಾಯ ಮೊದಲು, ಸಾಲ ಆಮೇಲೆ. ಸದಸ್ಯರು ಕಟ್ಟುವ ಬಡ್ಡಿ ಸಂಘದ ಪೆಟ್ಟಿಗೆಗೇ ಬೀಳುತ್ತದೆ. ಎರಡನೆಯದು, ಮೈಕ್ರೋಫೈನಾನ್ಸ್ ಕಂಪನಿಯವರು ಸಾಲ ಕೊಡಲೆಂದೇ ಕಟ್ಟಿಸುವ ಗುಂಪು. ಇಲ್ಲಿ ಉಳಿತಾಯ ಇಲ್ಲ, ಒಬ್ಬರಿಗೊಬ್ಬರು ಜವಾಬ್ದಾರಿ ಮಾತ್ರ. ಬಡ್ಡಿ ಕಂಪನಿಗೆ. ಅದರಿಂದ ಲಾಭ ಪಡೆದವರೂ ಇದ್ದಾರೆ. ಆದರೆ ಒಂದರ ಕಂತಿಗೆ ಇನ್ನೊಂದರಿಂದ, ಅದರ ಕಂತಿಗೆ ಮೂರನೆಯದರಿಂದ ಎತ್ತುತ್ತಾ ಹೋದ ಮನೆಗಳ ಗತಿ ಏನಾಯಿತೆಂದು 2025ರ ಜನವರಿಯಲ್ಲಿ ಎಲ್ಲರೂ ನೋಡಿದೆವು. ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಬೀಗ ಹಾಕಿ ಊರು ಬಿಟ್ಟವರಿದ್ದರು. ಜೀವ ಕಳೆದುಕೊಂಡವರ ಸುದ್ದಿ ಜಿಲ್ಲೆ ಜಿಲ್ಲೆಯಿಂದ ಬಂತು. ಆ ವರ್ಷದ ಫೆಬ್ರವರಿ 12ರಂದು ರಾಜ್ಯ ಸರ್ಕಾರ ಬಲವಂತದ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಸೆರೆವಾಸ, ಐದು ಲಕ್ಷದವರೆಗೆ ದಂಡ.

ಕಾನೂನು ತಿಳಿದಿರುವುದೂ ಒಂದು ಉಳಿತಾಯವೇ. ಮೈಕ್ರೋಫೈನಾನ್ಸ್ ಸಾಲಗಾರರಿಗೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ವಸೂಲಿಗೆ ಫೋನ್ ಮಾಡುವಂತಿಲ್ಲ, ಮನೆಗೆ ಬರುವಂತಿಲ್ಲ. ಆ ಸಾಲಕ್ಕೆ ಅಡಮಾನ ಕೇಳುವಂತಿಲ್ಲ, ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಇದು ರಿಸರ್ವ್ ಬ್ಯಾಂಕ್ 2022ರಲ್ಲಿ ಹಾಕಿದ ನಿಯಮ, ಆದರೆ ನಾವೇ ನಮಗೆ ಹಾಕಿಕೊಳ್ಳಬೇಕಾದ ನಿಯಮವೂ ಹೌದು. ಖಾಸಗಿ ಲೇವಾದೇವಿಯವರು ನಮ್ಮ ರಾಜ್ಯದಲ್ಲಿ ಅಡಮಾನದ ಸಾಲಕ್ಕೆ ವರ್ಷಕ್ಕೆ ಶೇ 14, ಅಡಮಾನವಿಲ್ಲದ ಸಾಲಕ್ಕೆ ಶೇ 16ಕ್ಕಿಂತ ಹೆಚ್ಚು ಬಡ್ಡಿ ಪಡೆಯುವಂತಿಲ್ಲ. ‘ನೂರಕ್ಕೆ ಮೂರು’ ಎಂಬ ಪೇಟೆಯ ಮಾತು ವರ್ಷಕ್ಕೆ ಮೂವತ್ತಾರು ಎಂಬುದನ್ನು ಮರೆಯಬೇಡಿ. ‘ಫ್ಲಾಟ್ ಹನ್ನೆರಡು’ ಎಂಬ ಮಾತೂ ಹಾಗೆಯೇ. ಒಂದು ಲಕ್ಷಕ್ಕೆ ಎರಡು ವರ್ಷ ಆ ಲೆಕ್ಕದಲ್ಲಿ ಕಟ್ಟಿದರೆ ನಿಜವಾದ ಬಡ್ಡಿ ಇಪ್ಪತ್ತೊಂದೂವರೆ ದಾಟುತ್ತದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕ್ ಮತ್ತು ಹಣಕಾಸು ಕಂಪನಿಗಳು ಹೊಸ ಸಾಲಕ್ಕೆ ಸಹಿ ಹಾಕಿಸುವ ಮುಂಚೆ, ಎಲ್ಲ ಶುಲ್ಕ ಸೇರಿದ ವಾರ್ಷಿಕ ದರವನ್ನು ಬರೆದ ಮುಖ್ಯಾಂಶಗಳ ಪತ್ರವನ್ನು ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಲೇಬೇಕು. ಕನ್ನಡದಲ್ಲಿ ಕೊಡಿ ಎಂದು ಕೇಳಿ. ಬ್ಯಾಂಕಿಗೆ ಬರೆದ ದೂರಿಗೆ ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಖರ್ಚಿಲ್ಲದೆ ದೂರು ಕೊಡಬಹುದು. ಮಾಹಿತಿಗೆ 14448 ಎಂಬ ಸಂಖ್ಯೆ ಇದೆ.

ರೈತರಿಗೆ ಒಂದು ಮಾತು. ಏಷ್ಯಾದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಹುಟ್ಟಿತು. ಸಾಹುಕಾರರ ಬಡ್ಡಿಯಿಂದ ಬಿಡಿಸಿಕೊಳ್ಳಲು ಊರವರೇ ಕಂಡುಕೊಂಡ ದಾರಿ ಅದು. ಇಂದು ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆ ಸಾಲ ಐದು ಲಕ್ಷದವರೆಗೆ ಸೊನ್ನೆ ಬಡ್ಡಿಯದು. ಆದರೆ ಆ ಸೊನ್ನೆ ಉಳಿಯುವುದು ವಾಯಿದೆಯೊಳಗೆ ಕಟ್ಟಿದರೆ ಮಾತ್ರ. ಮನ್ನಾ ಆಗಬಹುದೆಂದು ಕಾದು ವಾಯಿದೆ ದಾಟಿಸಬೇಡಿ.

ನನ್ನ 1,72,000 ತೀರಲು ಮೂವತ್ತೊಂದು ತಿಂಗಳು ಹಿಡಿಯಿತು. ಎರಡು ತಿಂಗಳು ಅಸಲಿಗೆ ಏನೂ ಕಟ್ಟಲಾಗಲಿಲ್ಲ. ಆಗಲೂ ಆರ್‌ಡಿಯ ಐನೂರು ನಿಲ್ಲಿಸಲಿಲ್ಲ. ದುಡಿಮೆಯೇ ಸಾಲದ ಮನೆಗೆ, ಆಸ್ಪತ್ರೆಯ ಬಿಲ್ಲಿನಲ್ಲಿ ಮುಳುಗಿದ ಮನೆಗೆ ಈ ಸಣ್ಣ ರೂಢಿಗಳಷ್ಟೇ ಸಾಲವು ಎಂದು ನನಗೆ ಗೊತ್ತು. ಅಂಥವರು ಒಬ್ಬರೇ ಹೊತ್ತು ಕೂರಬೇಡಿ. ಮನೆಯವರಿಗೆ ಹೇಳಿ, ಸಾಲ ಕೊಟ್ಟವರ ಜೊತೆ ಕೂತು ಕಂತು ಇಳಿಸಿ ಎಂದು ಕೇಳಿ, ಬೆದರಿಕೆ ಬಂದರೆ ಠಾಣೆಗೆ ಹೋಗಿ. ಸಾಲ ಮಾಡುವುದು ಅಪರಾಧವಲ್ಲ.

ಭಾನುವಾರ ಮನೆಯವರೆಲ್ಲ ಮನೆಯಲ್ಲಿರುತ್ತಾರೆ. ಅಂದು ರಾತ್ರಿ ಊಟವಾದ ಮೇಲೆ ಒಂದು ಖಾಲಿ ಹಾಳೆ ತೆಗೆದುಕೊಳ್ಳಿ. ಯಾರಿಗೆ, ಎಷ್ಟು, ಬಡ್ಡಿ ಎಷ್ಟು, ಯಾವ ತಾರೀಕು ಎಂದು ಬರೆದು, ಗಂಡ ಹೆಂಡತಿ ಇಬ್ಬರೂ ಕೂತು ಒಮ್ಮೆ ಕೂಡಿಸಿ ನೋಡಿ.